ಎರೆಮಣ್ಣಿಗೆ ಹುಳಿ ಊಟ: ಕಲಬುರಗಿಯ ಹಿತ್ತಲಲ್ಲಿ ಬೊಕಾಶಿ

ಕಲಬುರಗಿಯ ಬ್ಯಾಸಗಿಯಲ್ಲಿ ಗೊಬ್ಬರದ ಗುಂಡಿ ಕೊಳೆಯುವುದಿಲ್ಲ, ಒಣಗುತ್ತದೆ. ಇದನ್ನು ಮೊದಲಿಗೇ ಹೇಳಬೇಕು. ಮನೆಯಲ್ಲೇ ಗೊಬ್ಬರ ಮಾಡುವ ಬಗ್ಗೆ ನನಗೆ ಓದಲು ಸಿಕ್ಕ ಬರಹಗಳೆಲ್ಲ ಹೆಚ್ಚುಕಡಿಮೆ ಬೆಂಗಳೂರಿನ ತಂಪು ಹವೆಯನ್ನೋ ಮಲೆನಾಡಿನ ತೇವವನ್ನೋ ಮನಸ್ಸಿನಲ್ಲಿಟ್ಟು ಬರೆದವು. ಗಾಳಿಯಾಡುವ ರಾಶಿಯಲ್ಲಿ ಸೂಕ್ಷ್ಮಜೀವಿಗಳು ಕೆಲಸ ಮಾಡಬೇಕಾದರೆ ರಾಶಿಯ ತೂಕದಲ್ಲಿ ಅರ್ಧದಷ್ಟಾದರೂ ನೀರಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಬೆಳಿಗ್ಗೆ ಗುಂಡಿಗೆ ಹಾಕಿದ ಮೆಂತ್ಯೆ ಕಡ್ಡಿಯನ್ನು ಸಂಜೆ ಮುರಿದರೆ ಚಟ್ಟನೆ ಮುರಿಯುತ್ತದೆ. ನಳಕ್ಕೆ ನೀರು ಬರುವ ದಿನ ನೋಡಿ ಬಟ್ಟೆ ಒಗೆಯುವವರಿಗೆ, ಕಸದ ರಾಶಿಗೆ ದಿನಾ ಎರಡು ಕೊಡ ನೀರು ಹಾಕಿರಿ ಎಂದರೆ ಹೇಗೆ ಮನಸ್ಸು ಬಂದೀತು?

ಅದಕ್ಕೇ ನಾನು ಬೊಕಾಶಿಗೆ ಬಂದದ್ದು. ಅಡುಗೆಮನೆಯ ಕಸವನ್ನು ಮುಚ್ಚಿದ ಬಕೀಟಿನಲ್ಲಿ ಹುಳಿಸಿ ಆಮೇಲೆ ಮಣ್ಣಿಗೆ ಸೇರಿಸುವ ಜಪಾನೀ ಪದ್ಧತಿ ಅದು. ಇದರಲ್ಲಿ ಹಸಿ ಕಸದ ನೀರು ಮುಚ್ಚಳದ ಒಳಗೇ ಉಳಿಯುತ್ತದೆ, ಹೊರಗಿನಿಂದ ಒಂದು ಲೋಟವೂ ಬೇಕಿಲ್ಲ. ಎರಡು ಬ್ಯಾಸಗಿ, ಎರಡು ಮಳೆಗಾಲ ಇದನ್ನು ಮಾಡಿ ನೋಡಿದ ಮೇಲೆ, ನಮ್ಮ ಸೀಮೆಯ ಬಿಸಿಲಿಗೂ ಎರೆಮಣ್ಣಿಗೂ ಇದಕ್ಕಿಂತ ಹೊಂದುವ ವಿಧಾನ ನನಗೆ ಕಂಡಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಮನೆ ಸೇಡಂ ರಸ್ತೆಯ ಕಡೆಗಿನ ಬಡಾವಣೆಯಲ್ಲಿದೆ. ಹಿಂದೆ ಸಣ್ಣ ಹಿತ್ತಲು: ಒಂದು ದೊಡ್ಡ ಬೇವಿನ ಗಿಡ, ಕರಿಬೇವು, ಲಿಂಬಿ, ಒಂದಿಷ್ಟು ಗುಲಾಬಿ, ಗೋಡೆಗುಂಟ ಪುಂಡಿಪಲ್ಯ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅತ್ತೆಯವರು ಚಿತ್ತಾಪುರ ತಾಲೂಕಿನ ಹಳ್ಳಿಯವರು, ತಿಪ್ಪೆ ನೋಡುತ್ತ ಬೆಳೆದವರು. ತಿಪ್ಪೆಗೆ ದನ ಬೇಕು, ಜಾಗ ಬೇಕು, ವರ್ಷಗಟ್ಟಲೆ ಕಾಲ ಬೇಕು. ನಮ್ಮಲ್ಲಿರುವುದು ದಿನಕ್ಕೊಂದು ಡಬ್ಬಿ ಹಸಿ ಕಸ ಅಷ್ಟೇ. ಉಳ್ಳಾಗಡ್ಡಿ ಸಿಪ್ಪೆ, ಬದನೆಕಾಯಿ ತೊಟ್ಟು, ಕೊತ್ತಂಬರಿ ಬೇರು, ಚಹಾದ ಚರಟ, ಹಳಸಿದ ಅನ್ನ, ತಟ್ಟೆಯಲ್ಲಿ ಉಳಿದ ಪಲ್ಯ. ಜೋಳದ ರೊಟ್ಟಿ ಮಾತ್ರ ನಮ್ಮ ಮನೆಗಳಲ್ಲಿ ಕಸಕ್ಕೆ ಹೋಗುವುದಿಲ್ಲ. ಬಿಸಿ ಇದ್ದಾಗ ತಿನ್ನುತ್ತೇವೆ, ಉಳಿದರೆ ಒಣಗಿಸಿ ಕಟಕ ಮಾಡಿ ಇಡುತ್ತೇವೆ.

ಬೇಯಿಸಿದ್ದು ತೆರೆದ ಗುಂಡಿಗೆ ಬಿದ್ದರೆ ಮೊದಲು ನೊಣ ಬರುತ್ತದೆ, ಆಮೇಲೆ ಇರುವೆ, ರಾತ್ರಿಗೆ ಹೆಗ್ಗಣ. ಹಾಗಾಗಿ ಮನೆಯಲ್ಲಿ ಗೊಬ್ಬರ ಮಾಡುವವರು ಕೂಡ ಬೇಯಿಸಿದ್ದನ್ನು ಕಸದ ಗಾಡಿಗೇ ಕೊಡುತ್ತಾರೆ. ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮೂರಾಗಿ ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಬೇರ್ಪಡಿಸಿದ ಹಸಿ ಕಸವೂ ಎಲ್ಲೋ ಒಂದು ಕಡೆ ಗುಡ್ಡವಾಗಿ ಬಿದ್ದರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ನಮ್ಮ ಮನೆಯ ಅನ್ನ ನಮ್ಮ ಮಣ್ಣಿಗೇ ಹೋಗಲಿ ಎಂಬ ಹಟ ನನಗಿತ್ತು.

ಬೊಕಾಶಿಯ ಗುಟ್ಟು ಹುಳಿಸುವುದರಲ್ಲಿದೆ. ಗಾಳಿಯಾಡದ ಬಕೀಟಿನಲ್ಲಿ ಕಸದ ಜೊತೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಬೆರೆಸಿದ ತೌಡು ಹಾಕುತ್ತಾರೆ. ಅವು ಕಸದಲ್ಲಿರುವ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಹುಳಿ ಏರಿದ ಹಾಗೆ ನಾತ ಬರಿಸುವ ಜೀವಿಗಳು ಸುಮ್ಮನಾಗುತ್ತವೆ. ಹಸಿ ಮೇವನ್ನು ಗುಂಡಿಯಲ್ಲಿ ಒತ್ತಿ ಮುಚ್ಚಿ ರಸಮೇವು ಮಾಡುವುದೂ ಇದೇ ಕ್ರಿಯೆ. ಜಪಾನಿನ ರೈತರು ತೌಡು, ಮಣ್ಣು ಸೇರಿಸಿ ಹುಳಿಸಿ ಹೊಲಕ್ಕೆ ಹಾಕುತ್ತಿದ್ದದ್ದು ಹಳೆಯ ಪದ್ಧತಿ. ಓಕಿನಾವಾದ ರ್ಯುಕ್ಯು ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕ ಟೆರುವೊ ಹಿಗಾ ಅವರು 1980ರ ದಶಕದ ಆರಂಭದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕು ಬಳಸುವ ಬ್ಯಾಕ್ಟೀರಿಯಾಗಳನ್ನು ಒಂದು ದ್ರಾವಣದಲ್ಲಿ ಸೇರಿಸಿ ಇಎಂ (ಎಫೆಕ್ಟಿವ್ ಮೈಕ್ರೋಆರ್ಗ್ಯಾನಿಸಮ್ಸ್, ಅಂದರೆ ಪರಿಣಾಮಕಾರಿ ಸೂಕ್ಷ್ಮಜೀವಿಗಳು) ಎಂಬ ಹೆಸರಿನಲ್ಲಿ ಕೊಟ್ಟರು. ಅಡುಗೆಮನೆಯ ಬಕೀಟಿಗೆ ಈ ಪದ್ಧತಿ ಬಂದದ್ದು ಆಮೇಲೆ.

ಮೊದಲ ಕೆಲಸ ತೌಡು ತಯಾರಿಸುವುದು. ಪುಸ್ತಕದಂತೆ ಗೋಧಿ ತೌಡೇ ಆಗಬೇಕು. ಅದು ನಮ್ಮ ಓಣಿಯ ಗಿರಣಿಯಲ್ಲೇ ಸಿಗುತ್ತದೆ. ಆದರೆ ತೊಗರಿಯ ಕಣಜ ಎನಿಸಿಕೊಂಡ ಊರಲ್ಲಿದ್ದು, ನಮ್ಮ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿರುವಾಗ, ದಾಲ್ ಮಿಲ್ಲಿನಲ್ಲಿ ಬೇಳೆ ಒಡೆದ ಮೇಲೆ ಉಳಿಯುವ ಹೊಟ್ಟು, ಚುನ್ನಿಯನ್ನು (ಬೇಳೆಯ ನುಚ್ಚು, ಪುಡಿ) ಬಳಸದೆ ಬಿಡಲು ನನಗೆ ಮನಸ್ಸಾಗಲಿಲ್ಲ. ದನಕ್ಕೆ ಹಾಕಲೆಂದು ಜನ ಚೀಲಗಟ್ಟಲೆ ಒಯ್ಯುವ ಮಾಲು ಅದು. ಬರೀ ಹೊಟ್ಟು ಹಾಕಿದರೆ ಒರಟು, ತೇವ ಹಿಡಿಯುವುದಿಲ್ಲ. ಗೋಧಿ ತೌಡು ಎರಡು ಪಾಲು, ತೊಗರಿ ಚುನ್ನಿ ಒಂದು ಪಾಲು ಬೆರೆಸಿದರೆ ಹದವಾಗುತ್ತದೆ.

ಇಎಂ ದ್ರಾವಣ ಕೊಂಡು ತಂದೂ ಮಾಡಿದ್ದೇನೆ, ಮನೆಯಲ್ಲೇ ಹುಳಿನೀರು ಇಳಿಸಿಯೂ ಮಾಡಿದ್ದೇನೆ. ಎರಡನೆಯದೇ ನನಗೆ ಮೆಚ್ಚು. ಅಕ್ಕಿ ತೊಳೆದ ಮೊದಲ ನೀರನ್ನು ಗಾಜಿನ ಬರಣಿಯಲ್ಲಿ ಅರ್ಧದಷ್ಟು ಹಾಕಿ, ಬಾಯಿಗೆ ಅರಿವೆ ಕಟ್ಟಿ ಇಟ್ಟರೆ ಬ್ಯಾಸಗಿಯಲ್ಲಿ ಎರಡು ದಿನಕ್ಕೆ ಹುಳಿ ವಾಸನೆ ಹಿಡಿಯುತ್ತದೆ, ಚಳಿಯಲ್ಲಿ ನಾಲ್ಕೈದು ದಿನ ಬೇಕು. ಆ ನೀರು ಒಂದು ಪಾಲಿಗೆ ಹಾಲು ಹತ್ತು ಪಾಲು. ಕೆಲವು ದಿನದಲ್ಲಿ ಹಾಲು ಒಡೆದು ಮೇಲೆ ಗಟ್ಟಿ ತೇಲುತ್ತದೆ, ಕೆಳಗೆ ತಿಳಿ ಹಳದಿ ನೀರು ಉಳಿಯುತ್ತದೆ. ಬೇಕಾದದ್ದು ಆ ಹಳದಿ ನೀರು. ಸೋಸಿ, ಅಷ್ಟೇ ತೂಕದ ಬೆಲ್ಲ ಕರಗಿಸಿ ಇಟ್ಟರೆ ಫ್ರಿಜ್ಜಿಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ. ಮೇಲಿನ ಗಟ್ಟಿಯನ್ನು ಪಕ್ಕದ ಮನೆಯ ಎಮ್ಮೆಗೆ ಕೊಡುತ್ತೇವೆ.

ಒಂದು ಕಿಲೋ ತೌಡಿಗೆ ದ್ರಾವಣ ಇಪ್ಪತ್ತು ಮಿಲಿ, ಬೆಲ್ಲ ಇಪ್ಪತ್ತು ಗ್ರಾಂ, ನೀರು ಮುನ್ನೂರರಿಂದ ನಾನೂರು ಮಿಲಿ. ನಳದ ನೀರನ್ನು ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ ತೆರೆದಿಡಬೇಕು, ಕ್ಲೋರಿನ್ ಹಾರಿಹೋಗಲಿ. ಎಲ್ಲ ಕಲಸಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಮಾತ್ರ ಇಳಿಯಬಾರದು. ಇದನ್ನು ನೋಡಿಯೇ ಅತ್ತೆಯವರು ಹತ್ತಿರ ಬಂದು ಕೂತದ್ದು.

"ಉಪ್ಪಿನಕಾಯಿ ಹಾಕ್ದಂಗ ಹಾಕ್ಲತ್ತಿಯಲ್ಲವ್ವಾ, ಕಸಕ್ಕ!"

"ಹೌದ್ರಿ ಅತ್ತೀ, ಉಪ್ಪು ಇಲ್ಲದ ಉಪ್ಪಿನಕಾಯಿ."

ಅವರ ಮಾತು ನೂರಕ್ಕೆ ನೂರು ಸರಿ. ಗಾಳಿ ತಾಗಬಾರದು, ಒತ್ತಿ ತುಂಬಬೇಕು, ಒಣ ಕೈಯಲ್ಲೇ ಮುಟ್ಟಬೇಕು, ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬಾರದು. ಭರಣಿ ಹಾಕಿ ಪಳಗಿದ ಕೈಗೆ ಇದರಲ್ಲಿ ಹೊಸದಾಗಿ ಕಲಿಯುವುದೇ ಇಲ್ಲ. ಅವತ್ತಿನಿಂದ ತೌಡು ಕಲಸುವ ಹದ ಅವರದೇ.

ಕಲಸಿದ್ದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಹೊರಗೆ ಹಾಕಿ ಬಿಗಿಯಾಗಿ ಕಟ್ಟಿ, ನೆರಳಲ್ಲಿ ಎರಡು ವಾರ ಇಡಬೇಕು. ಬಿಚ್ಚಿದಾಗ ಸಿಹಿ ಬೆರೆತ ಹುಳಿ ವಾಸನೆ ಬಂತೆಂದರೆ ಕೆಲಸ ಆಯಿತು. ಅಲ್ಲಲ್ಲಿ ಬಿಳಿ ಬೂಸು ಇದ್ದರೆ ಒಳ್ಳೆಯದೇ. ಹಸಿರು, ಕಪ್ಪು ಬೂಸು ಇದ್ದರೆ ಆ ಚೀಲ ಬೇಡ. ಆಮೇಲೆ ಒಣಗಿಸುವುದು. ಇಲ್ಲಿ ನಮ್ಮ ಊರು ದೊಡ್ಡ ಉಪಕಾರ ಮಾಡುತ್ತದೆ. ನೆರಳಲ್ಲಿ ಹಳೆ ಸೀರೆ ಹಾಸಿ ಹರವಿದರೆ ಒಂದೇ ಮಧ್ಯಾಹ್ನಕ್ಕೆ ಗರಿಗರಿ. ಮಾಳಿಗೆಯ ನೇರ ಬಿಸಿಲಿಗೆ ಮಾತ್ರ ಹಾಕಬಾರದು, ಆ ಕಾವಿಗೆ ಜೀವಿಗಳು ಉಳಿಯುವುದಿಲ್ಲ. ಒಣಗಿದ ತೌಡು ಡಬ್ಬಿಯಲ್ಲಿ ವರ್ಷದ ತನಕ ಕೆಡುವುದಿಲ್ಲ.

ಬಕೀಟು ಎಂದರೆ ಬಣ್ಣ ತುಂಬಿ ಬಂದ ಇಪ್ಪತ್ತು ಲೀಟರಿನ ಡಬ್ಬಿಗಳು, ಎರಡು. ಒಂದು ತುಂಬಿ ಮುಚ್ಚಿಟ್ಟಾಗ ಇನ್ನೊಂದು ತುಂಬುತ್ತಿರಬೇಕು, ಅದಕ್ಕೇ ಜೋಡಿ. ನಳದ ಕೆಲಸದವರಿಂದ ತಳದ ಮೇಲೆ ಎರಡು ಬೆರಳು ಎತ್ತರಕ್ಕೆ ಸಣ್ಣ ನಳ ಕೂಡಿಸಿದೆ. ಒಳಗೆ, ನಳಕ್ಕಿಂತ ಮೇಲೆ, ತೂತು ಹಾಕಿದ ಪ್ಲಾಸ್ಟಿಕ್ ತಟ್ಟೆ. ಕಸ ತಟ್ಟೆಯ ಮೇಲೆ ನಿಲ್ಲುತ್ತದೆ, ರಸ ಕೆಳಗೆ ಇಳಿಯುತ್ತದೆ. ಖರ್ಚು ಬಂದದ್ದು ನಳಕ್ಕೆ ಮತ್ತು ಅದರ ರಬ್ಬರ್ ವಾಷರಿಗೆ ಮಾತ್ರ. ಡಬ್ಬಿ ಆರಿಸುವಾಗ ನೋಡಬೇಕಾದದ್ದು ಮುಚ್ಚಳದ ಸುತ್ತಲಿನ ರಬ್ಬರನ್ನು. ನಮ್ಮ ಬಿಸಿಲಿಗೆ ಅದು ವರ್ಷದಲ್ಲಿ ಗಡುಸಾಗಿ ಬಿರಿಯುತ್ತದೆ, ಗಾಳಿ ನುಸುಳುತ್ತದೆ. ಯುಗಾದಿಗೊಮ್ಮೆ ಬದಲಿಸುವ ರೂಢಿ ಇಟ್ಟುಕೊಂಡಿದ್ದೇನೆ.

ತುಂಬುವ ಕ್ರಮ ಸರಳ. ದಿನದ ಕಸವನ್ನು ಅಡುಗೆಕಟ್ಟೆಯ ಮೇಲಿನ ಸಣ್ಣ ಡಬ್ಬಿಯಲ್ಲಿ ಕೂಡಿಸಿ, ರಾತ್ರಿ ಊಟವಾದ ಮೇಲೆ ಒಂದೇ ಸಲ ಬಕೀಟಿಗೆ. ತಳಕ್ಕೆ ಮೊದಲು ಒಂದು ಹಿಡಿ ತೌಡು. ಕಸ ಎರಡು ಬೆರಳು ದಪ್ಪ ಆದ ಮೇಲೆ ಮತ್ತೆ ಒಂದು ಹಿಡಿ. ಗಟ್ಟಿ ದಿಂಡು, ಕಲ್ಲಂಗಡಿ ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ತಟ್ಟೆಯಿಂದ ಒತ್ತಿ ಗಾಳಿ ತೆಗೆದು, ಮೇಲೆ ಮರಳು ತುಂಬಿದ ಚೀಲ ಭಾರ ಇಟ್ಟು ಮುಚ್ಚಳ ಬಿಗಿಯುವುದು. ಸಾರು, ಮಜ್ಜಿಗೆ, ಹಾಲು ಸುರಿಯಬಾರದು, ನೀರು ಹೆಚ್ಚಾದರೆ ಹುಳಿಯ ಬದಲು ನಾತ ಹುಟ್ಟುತ್ತದೆ. ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿದ್ದ ಕಾಲೇಜು ಹುಡುಗರು ಆಸೆಯಿಂದ ತಾವೂ ಒಂದು ಬಕೀಟು ಇಟ್ಟಿದ್ದರು. ಖಾನಾವಳಿಯಿಂದ ತಂದ ಡಬ್ಬಿಯಲ್ಲಿ ಉಳಿದ ಸಾರನ್ನೂ ಅದಕ್ಕೇ ಹಾಕುತ್ತಿದ್ದರು. ಅದು ತೆರೆದ ದಿನ ಕೊಳೆತ ಮೊಟ್ಟೆಯ ವಾಸನೆ ಓಣಿಯ ತುದಿಯವರೆಗೂ ಹೋಯಿತು. ಆ ಬಕೀಟನ್ನು ಆಳದ ಗುಂಡಿ ತೋಡಿ ಮುಚ್ಚಿದೆವು. ಮುಂದಿನದಕ್ಕೆ ಹುಡುಗರು ಸಾರು ಬಸಿದು ಹಾಕಿದರು, ತೌಡನ್ನು ಕೈ ಬಿಚ್ಚಿ ಹಾಕಿದರು. ಅದು ಚಂದ ಹುಳಿಯಿತು.

ನಾವು ಮಾಂಸ ಬೇಯಿಸುವವರಲ್ಲ. ಆದರೆ ಬೊಕಾಶಿಗೆ ಮಾಂಸ, ಮೀನು, ಮೊಟ್ಟೆ ಯಾವುದೂ ವರ್ಜ್ಯವಲ್ಲ, ತೌಡು ಒಂದಿಷ್ಟು ಹೆಚ್ಚು ಬೇಕು ಅಷ್ಟೇ. ಎದುರು ಮನೆಯ ಭಾಬಿ ಈಗ ಬಕ್ರೀದಿನ ಮರುದಿನವೂ ತಮ್ಮ ಬಕೀಟು ತುಂಬುತ್ತಾರೆ. ಎಲುಬು ಮಾತ್ರ ಬೇಗ ಕರಗುವುದಿಲ್ಲ, ಮಣ್ಣಿನಲ್ಲಿ ಬಹಳ ಕಾಲ ಹಾಗೇ ಸಿಗುತ್ತದೆ. ನಾನು ಹಾಕಬೇಡಿ ಎನ್ನುವುದು ಉಪ್ಪಿನಕಾಯಿ, ಉಪ್ಪು ಹೆಚ್ಚಿರುವ ಹಪ್ಪಳ, ಮಿರ್ಚಿ ಕರಿದ ಎಣ್ಣೆ ಇಂಥವನ್ನು. ನಮ್ಮ ಮಣ್ಣಿನಲ್ಲಿ ನೀರು ಸಲೀಸಾಗಿ ಬಸಿಯುವುದಿಲ್ಲ, ಹೋದ ಉಪ್ಪು ಅಲ್ಲೇ ಕೂರುತ್ತದೆ.

ಎಳ್ಳಮವಾಸ್ಯೆಯ ಹೊತ್ತಿಗೆ ಬಕೀಟು ಬೇಗ ತುಂಬುತ್ತದೆ. ಸೊಪ್ಪು, ಕಾಳು ಕೂಡಿಸಿ ಬೇಯಿಸುವ ಬಜ್ಜಿಗೆಂದು ಸೋಸಿದ ಪಲ್ಯಗಳ ದಂಟು, ಅವರೆ ಸಿಪ್ಪೆ, ಹಸಿಕಡಲೆ ಸಿಪ್ಪೆ ಮಣಗಟ್ಟಲೆ ಬೀಳುತ್ತದೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದ ಮೇಲೆ ಉಳಿದ ಬಜ್ಜಿಯನ್ನು ನೆಂಟರಿಗೆಲ್ಲ ಹಂಚಿದರೂ ಮೂರನೆಯ ದಿನಕ್ಕೆ ಒಂದು ಪಾತ್ರೆ ಹಳಸುತ್ತದೆ. ಅದನ್ನು ಬಸಿದು ಬಕೀಟಿಗೆ ಹಾಕುವಾಗ ಅತ್ತೆಯವರು, "ಭೂಮ್ತಾಯಿಗೇ ಹೋಗ್ತದಲ್ಲ, ಹಾಕು" ಎಂದರು. ಬೇಯಿಸಿದ ಅನ್ನವನ್ನು ಕಸಕ್ಕೆ ಹಾಕಲು ಅಳುಕುವ ಅವರಿಗೆ ಬಕೀಟು ಒಪ್ಪಿಗೆಯಾದದ್ದು ಆ ದಿನವೇ ಎಂದು ಕಾಣುತ್ತದೆ.

ರಸದ ಮಾತಿಗೆ ಬರುತ್ತೇನೆ. ಎರಡು ಮೂರು ದಿನಕ್ಕೊಮ್ಮೆ ನಳ ತಿರುಗಿಸಿ ತೆಗೆಯಬೇಕು. ಕಲ್ಲಂಗಡಿ ಕಾಲದಲ್ಲಿ ಲೋಟಗಟ್ಟಲೆ ಬರುತ್ತದೆ, ಚಳಿಗಾಲದಲ್ಲಿ ಒಂದೊಂದು ಸಲ ಬರುವುದೇ ಇಲ್ಲ. ಅದಕ್ಕೆ ಹೆದರಬೇಕಿಲ್ಲ. ಗಿಡಕ್ಕೆ ಹಾಕುವುದಾದರೆ ಒಂದು ಪಾಲಿಗೆ ನೂರು ಪಾಲು ನೀರು ಬೆರೆಸಿ ಅದೇ ದಿನ ಬುಡಕ್ಕೆ ಹಾಕಬೇಕು, ಎಲೆಯ ಮೇಲೆ ಬೀಳಬಾರದು. ಹಾಗೇ ಹಾಕಿದರೆ ಬೇರು ಸುಡುತ್ತದೆ. ಉಳಿದ ರಸವನ್ನು ನೀರು ಬೆರೆಸದೆ ಬಚ್ಚಲ ಮೋರಿಗೆ ಬಿಡುತ್ತೇನೆ, ಮೋರಿಯ ವಾಸನೆ ಇಳಿಯುತ್ತದೆ.

ನಮ್ಮ ಊರಿನವರು ಒಂದು ವಿಷಯ ನೆನಪಿಡಬೇಕು. ಇಲ್ಲಿನ ಮನೆಗಳ ನೆಲಕ್ಕೆಲ್ಲ ಶಹಾಬಾದಿನ ಫರ್ಸಿ. ಅದು ಸುಣ್ಣದ ಕಲ್ಲು. ಬೊಕಾಶಿಯ ರಸ ಆಮ್ಲ. ಲಿಂಬಿಹಣ್ಣಿನ ರಸ ಬಿದ್ದರೆ ಫರ್ಸಿಯ ಹೊಳಪು ಹೋಗಿ ಮಬ್ಬು ಕಲೆ ಉಳಿಯುವುದು ಎಲ್ಲರಿಗೂ ಗೊತ್ತು, ಇದೂ ಹಾಗೆಯೇ. ನಳದ ಕೆಳಗೆ ಒಂದು ಟ್ರೇ ಇರಲಿ. ಶಾಲೆಯಲ್ಲಿ ಈ ಪಾಠಕ್ಕಾಗಿಯೇ ನಾನು ಒಂದು ಶೀಷೆ ರಸ ಒಯ್ದಿದ್ದೆ. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದರೆ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅಂದರೆ 4ರ ಆಸುಪಾಸು (7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು). ಫರ್ಸಿಯ ಚೂರನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ಹನಿಸಿದಾಗ ಸಣ್ಣಸಣ್ಣ ಗುಳ್ಳೆ ಎದ್ದವು. ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ, ಇಂಗಾಲದ ಡೈಆಕ್ಸೈಡ್ ಎಂದು ಕರಿಹಲಗೆಯ ಮೇಲೆ ಬರೆದದ್ದನ್ನು ಹುಡುಗರು ತಮ್ಮ ಮನೆಯ ನೆಲದಲ್ಲೇ ಕಂಡರು. ಒಬ್ಬಳು ಕೇಳಿದಳು: "ಟೀಚರ್, ಹಂಗಾದ್ರ ನಮ್ಮ ಹೊಲದಾಗಿನ ಮಣ್ಣಿಗಿ ಹಾಕಿದ್ರ ಏನಾಗ್ತದ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ ನನಗೆ ಈ ಕೆಲಸದಲ್ಲಿ ಹೆಚ್ಚು ಇಷ್ಟವಾದ ಭಾಗ. ಅದಕ್ಕೆ ಮುಂಚೆ ಬಕೀಟು ತೆರೆಯಬೇಕು.

ತುಂಬಿದ ಬಕೀಟನ್ನು ಎರಡು ವಾರ ಮುಟ್ಟಬಾರದು, ರಸ ತೆಗೆಯುವುದೊಂದು ಬಿಟ್ಟು. ಬ್ಯಾಸಗಿಯಲ್ಲಿ ಮಾಳಿಗೆಯ ಮೇಲೆ, ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಕಾವು ಮಿತಿ ಮೀರುತ್ತದೆ. ಒಳಮನೆಯ ಫರ್ಸಿಯ ತಂಪಿನಲ್ಲಿ ಟ್ರೇ ಹಾಕಿ ಇಡಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೊಂದು ವಾರ ಹೆಚ್ಚು ಬಿಟ್ಟರೆ ಒಳ್ಳೆಯದು.

ಮುಚ್ಚಳ ತೆಗೆದಾಗ ಹೊಸಬರಿಗೆ ನಿರಾಸೆಯಾಗುತ್ತದೆ. ಉಳ್ಳಾಗಡ್ಡಿ ಸಿಪ್ಪೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೇ ಇರುತ್ತದೆ. ಅನ್ನದ ಅಗುಳೂ ಗುರುತು ಸಿಗುತ್ತದೆ. ಮೇಲೆ ಹತ್ತಿಯಂಥ ಬಿಳಿ ಬೂಸು, ಮೂಗಿಗೆ ಘಾಟು ಹುಳಿ. "ಗೊಬ್ಬರ ಎಲ್ಲದ?" ಎಂದು ಅತ್ತೆಯವರು ಇಣುಕಿ ನೋಡಿದರು. ಇನ್ನೂ ಗೊಬ್ಬರ ಆಗಿಲ್ಲ ಎಂಬುದೇ ಖರೆ. ಬಕೀಟಿನಲ್ಲಿ ಆದದ್ದು ಅರ್ಧ ಕೆಲಸ. ಬಿಸಿ ಏರುವ ರಾಶಿಯಲ್ಲಿ ಕಸದ ಇಂಗಾಲ ಬಹಳಷ್ಟು ಗಾಳಿಗೆ ಹೋಗಿ ರಾಶಿ ಕುಗ್ಗುತ್ತದೆ. ಇಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಕೀಟಿನಲ್ಲೇ ಉಳಿದಿರುತ್ತದೆ, ಹುಳಿಯಿಂದ ಮೆತ್ತಗಾಗಿ ಮಣ್ಣಿನ ಜೀವಿಗಳ ಬಾಯಿಗೆ ಸಿದ್ಧವಾಗಿರುತ್ತದೆ. ಉಳಿದ ಅರ್ಧ ಮಣ್ಣಿನ ಕೆಲಸ.

ನಮ್ಮದು ಎರೆಮಣ್ಣು, ಕಪ್ಪು. ಅಗೆದರೆ ಅದರೊಳಗೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಪಿಎಚ್ 8ರ ಮೇಲೆ, ಅಂದರೆ ಕ್ಷಾರ. ಕಬ್ಬಿಣ ಮಣ್ಣಿನಲ್ಲಿದ್ದರೂ ಇಷ್ಟು ಸುಣ್ಣದ ನಡುವೆ ಗಿಡಕ್ಕೆ ಸಿಗುವುದಿಲ್ಲ. ಅದಕ್ಕೇ ನಮ್ಮ ಹಿತ್ತಲುಗಳ ಗುಲಾಬಿ, ಲಿಂಬಿಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಕಾಣುತ್ತದೆ. ಒಣಗಿದಾಗ ಕೈ ಹೋಗುವಷ್ಟು ಬಿರುಕು, ನೆನೆದಾಗ ಚಪ್ಪಲಿಗೆ ಅಂಟುವ ಜಿಗುಟು. ಹದವಾಗಿ ಸಿಗುವುದು ನಡುವಿನ ಕೆಲವೇ ದಿನ.

ಹಿತ್ತಲಿನಲ್ಲಿ ಮೊಣಕೈ ಆಳದ ಸಾಲು ತೋಡಿ, ಬಕೀಟಿನ ಹುಳಿ ಕಸ ಹಾಕಿ, ಅಷ್ಟೇ ಮಣ್ಣಿನ ಜೊತೆ ಗುದ್ದಲಿಯಿಂದ ಕಲಸಿ, ಮೇಲೆ ಒಂದು ಗೇಣು ಮಣ್ಣು ಎಳೆದೆ. ಕಲಸುವುದನ್ನು ಬಿಡಬಾರದು. ಗಡ್ಡೆಯಾಗಿ ಹೂತರೆ ಎರೆಮಣ್ಣಿನಲ್ಲಿ ಗಾಳಿ ಸಿಗದೆ ಹಾಗೇ ಕೂರುತ್ತದೆ. ಮೊದಲ ದಿನ ಸಾಲಿನ ಮಣ್ಣು ಹುಳಿ, ಎರೆಹುಳ ಹತ್ತಿರ ಸುಳಿಯಲಿಲ್ಲ. ಎರಡು ವಾರ ಕಳೆದು ಅದೇ ಜಾಗದ ಮಣ್ಣನ್ನು ನೀರಲ್ಲಿ ಕದಡಿ ಕಾಗದ ಅದ್ದಿದರೆ ಹಸಿರಿನತ್ತ ತಿರುಗಿತು. ಹುಳಿಯನ್ನು ಮಣ್ಣಿನ ಜೀವಿಗಳು ತಿಂದಿದ್ದವು, ಸುಣ್ಣವೂ ಒಂದಿಷ್ಟು ಹೀರಿತ್ತು. ಅನ್ನ, ಪಲ್ಯ, ಚಹಾದ ಚರಟ ಕಾಣಲಿಲ್ಲ. ಮಾವಿನ ಗೊರಟೆ, ಜೋಳದ ತೆನೆಯ ದಂಟು ಮಾತ್ರ ಉಳಿದಿದ್ದವು. ಎರೆಹುಳಗಳು ಗೊಂಚಲು ಗೊಂಚಲಾಗಿ ಬಂದಿದ್ದವು.

ಹುಡುಗಿಗೆ ಕೊಟ್ಟ ಉತ್ತರ ಇದು: ಬಕೀಟಿನ ಹುಳಿ ನಮ್ಮ ಮಣ್ಣಿನ ಸುಣ್ಣವನ್ನು ಗೆಲ್ಲುವುದಿಲ್ಲ, ಅಷ್ಟು ಸುಣ್ಣ ಅದರಲ್ಲಿದೆ. ಆದರೆ ಆ ಹುಳಿ ಹೊತ್ತು ತಂದ ಊಟ ಮಣ್ಣಿಗೆ ಸೇರುತ್ತದೆ. ಅದನ್ನು ತಿನ್ನುವ ಜೀವಿಗಳು ಮಣ್ಣಿನ ಕಣಗಳನ್ನು ಅಂಟಿಸಿ ರವೆ ಕಟ್ಟುತ್ತವೆ. ಆ ರವೆಯ ಸಂದಿನಲ್ಲಿ ಗಾಳಿ, ನೀರು ಎರಡೂ ನಿಲ್ಲುತ್ತವೆ. ಬೊಕಾಶಿ ಹಾಕಿದ ಸಾಲಿನಲ್ಲಿ ಈ ಬ್ಯಾಸಗಿ ಬಿದ್ದ ಬಿರುಕು ಪಕ್ಕದ ನೆಲಕ್ಕಿಂತ ಸಣ್ಣವು. ಗುದ್ದಲಿ ಸಲೀಸಾಗಿ ಇಳಿಯುತ್ತದೆ. ಗುಲಾಬಿಯ ಹೊಸ ಚಿಗುರು ಹಸಿರಾಗಿಯೇ ಬಂತು. ಲಿಂಬಿ ಇನ್ನೂ ಹಳದಿಯೇ ಇದೆ, ಅದಕ್ಕೆ ಕಾಲ ಬೇಕು.

ಹೂತ ಮೇಲೆ ಎರಡು ವಾರವಾದರೂ ಅಲ್ಲಿ ಸಸಿ ನೆಡಬಾರದು, ಬೀಜ ಹಾಕಬಾರದು. ಇದ್ದ ಗಿಡದ ಬೇರಿಗೆ ತಾಗುವ ಹಾಗೆ ಹೂಳಲೂಬಾರದು, ಒಂದು ಮೊಳ ದೂರ ಇರಲಿ. ನಾಯಿ, ಹೆಗ್ಗಣ ಕೆದರದಂತೆ ಸಾಲಿನ ಮೇಲೆ ಒಂದು ಫರ್ಸಿ ಹೊದಿಸಿದರೆ ಸಾಕು. ಮನೆ ಕಟ್ಟಿ ಉಳಿದ ಒಡಕು ಫರ್ಸಿ ಕಲಬುರಗಿಯಲ್ಲಿ ಯಾರ ಹಿತ್ತಲಲ್ಲಿಲ್ಲ?

ಹಿತ್ತಲಿಲ್ಲದವರು ಹಳೆ ಟಬ್ಬಿನಲ್ಲೇ ಈ ಅರ್ಧ ಕೆಲಸ ಮುಗಿಸಬಹುದು. ತಳಕ್ಕೆ ಮಣ್ಣು, ನಡುವೆ ಹುಳಿ ಕಸ ಮತ್ತು ಮಣ್ಣು ಕಲಸಿದ್ದು, ಮೇಲೆ ಮತ್ತೆ ಮಣ್ಣು. ಸಿಮೆಂಟ್ ಚೀಲ ಮುಚ್ಚಿ ನೆರಳಲ್ಲಿಟ್ಟರೆ ತಿಂಗಳೊಳಗೆ ಕುಂಡಕ್ಕೆ ಹಾಕುವ ಮಣ್ಣು ಸಿದ್ಧ. ಮಾಳಿಗೆಯ ಹುಡುಗರು ಹೀಗೆಯೇ ಮಾಡಿ ಟೊಮೆಟೊ, ಹಸಿಮೆಣಸಿನಕಾಯಿ ಬೆಳೆದರು. ಅದೇ ಟಬ್ಬಿನ ಮಣ್ಣನ್ನೇ ಮುಂದಿನ ಸರದಿಗೂ ಬಳಸಬಹುದು, ಜೀವಿಗಳು ಅದರಲ್ಲಿ ನೆಲೆಸಿರುವುದರಿಂದ ಎರಡನೆಯ ಸಲ ಇನ್ನೂ ಬೇಗ ಕರಗುತ್ತದೆ.

ಇನ್ನು ಹಿತ್ತಲ ಕಸ. ಶಿವರಾತ್ರಿಯ ಹೊತ್ತಿಗೆ ನಮ್ಮ ಬೇವು ಎಲೆ ಉದುರಿಸಲು ಶುರು ಮಾಡಿದರೆ ಯುಗಾದಿಯ ಹೊಸ ಚಿಗುರು ಬರುವ ತನಕ ದಿನಾ ಬುಟ್ಟಿಗಟ್ಟಲೆ. ಬೆಳಿಗ್ಗೆ ಎದ್ದು ಗುಡಿಸಿ ಓಣಿಯ ಮೂಲೆಯಲ್ಲಿ ಬೆಂಕಿ ಹಚ್ಚುವುದು ಊರ ತುಂಬ ಕಾಣುವ ದೃಶ್ಯ. ಆ ಹೊಗೆ ನೋಡಿದರೆ ನನಗೆ ಸಂಕಟವಾಗುತ್ತದೆ. ದಮ್ಮಿನ ಬಾಧೆ ಇರುವ ಮುದುಕರು ಅದೇ ಓಣಿಯಲ್ಲಿರುತ್ತಾರೆ, ಮತ್ತು ಎರೆಮಣ್ಣಿಗೆ ಬೇಕಾದ ಇಂಗಾಲ ಅದೇ ಎಲೆಯಲ್ಲಿರುತ್ತದೆ. ಒಣ ಎಲೆಯನ್ನು ಬಕೀಟಿಗೆ ಹಾಕಿ ಲಾಭವಿಲ್ಲ, ಅದರಲ್ಲಿ ಹುಳಿಯಲು ಸಕ್ಕರೆಯೂ ಇಲ್ಲ, ನೀರೂ ಇಲ್ಲ. ಬದಲಿಗೆ ಬಕೀಟಿನ ಹುಳಿ ಕಸವನ್ನು ಎಲೆಯ ಬಳಿಗೆ ಒಯ್ಯಬೇಕು.

ಹಿತ್ತಲ ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿ, ಎಲೆ ಒಂದು ಮೊಳ, ಹುಳಿ ಕಸ ನಾಲ್ಕು ಬೆರಳು, ಒಂದು ಬುಟ್ಟಿ ಮಣ್ಣು, ಮತ್ತೆ ಎಲೆ, ಹೀಗೆ ಏರಿಸಿ ಗೋಣಿತಾಟು ಮುಚ್ಚಿದೆ. ಎಲೆಯಲ್ಲಿ ಇಂಗಾಲ ಹೆಚ್ಚು, ಅಡುಗೆ ಕಸದಲ್ಲಿ ಸಾರಜನಕ ಹೆಚ್ಚು, ಜೊತೆಗೆ ಅದರದೇ ತೇವ. ಬರೀ ಎಲೆಯ ರಾಶಿ ನಮ್ಮಲ್ಲಿ ವರ್ಷವಿಡೀ ಎಲೆಯಾಗಿಯೇ ಉಳಿದಿತ್ತು. ಈ ರಾಶಿ ಮೂರ್ನಾಲ್ಕು ದಿನದಲ್ಲಿ ಕೈಯಿಟ್ಟರೆ ಬೆಚ್ಚಗೆ ಹತ್ತಿತು. ಗೋಣಿತಾಟಿನ ಮೇಲೆ ಚಿಮುಕಿಸಲು ಅಕ್ಕಿ, ಬೇಳೆ ತೊಳೆದ ನೀರೇ ಸಾಕಾಯಿತು. ಮಿರಗದ ಮಳೆ ಬೀಳುವ ಮುಂಚೆ ಎಲೆಗಳು ಕಪ್ಪಾಗಿ ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತಿದ್ದವು. ಕರಿಬೇವಿನ ದಪ್ಪ ಕಡ್ಡಿ, ನುಗ್ಗೆ ಟೊಂಗೆ ಕರಗುವುದಿಲ್ಲ, ಅವನ್ನು ಜರಡಿ ಹಿಡಿದು ಮುಂದಿನ ರಾಶಿಯ ತಳಕ್ಕೆ ಹಾಕಬೇಕು, ಗಾಳಿಗೆ ದಾರಿಯಾಗುತ್ತದೆ.

ಮಳೆಗಾಲದಲ್ಲಿ ಸಾಲು ತೋಡುವ ಕೆಲಸ ನಿಲ್ಲಿಸುತ್ತೇನೆ. ನೆನೆದ ಎರೆಮಣ್ಣಿನಲ್ಲಿ ತೋಡಿದ ತಗ್ಗು ಬಾವಿಯ ಹಾಗೆ ನೀರು ಹಿಡಿದು ನಿಲ್ಲುತ್ತದೆ, ಅದರಲ್ಲಿ ಹೂತದ್ದು ನಾತ ಹೊಡೆಯುತ್ತದೆ. ಆಗ ಬಕೀಟುಗಳನ್ನು ಮುಚ್ಚಿಟ್ಟುಕೊಂಡರೂ ಅಡ್ಡಿಯಿಲ್ಲ. ರಸ ತೆಗೆಯುತ್ತಿದ್ದರೆ, ಮುಚ್ಚಳ ಬಿಗಿಯಿದ್ದರೆ, ಹುಳಿದ ಕಸ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆಂದೇ ಮೂರನೆಯ ಬಕೀಟು ತಂದಿಟ್ಟಿದ್ದೇನೆ. ಇಲ್ಲವೆಂದರೆ ನೆಲದ ಮೇಲೆಯೇ ಮಡಿ ಎತ್ತರಿಸಿ, ಅದರೊಳಗೆ ಕಲಸಿ ಮುಚ್ಚಬೇಕು. ಮಳೆ ಬಿಟ್ಟು ಮಣ್ಣು ಹದಕ್ಕೆ ಬಂದ ವಾರ ನಮ್ಮ ಮನೆಯಲ್ಲಿ ಎಲ್ಲರ ಕೈಗೂ ಗುದ್ದಲಿ ಬರುತ್ತದೆ.

ಓಣಿಯಲ್ಲಿ ಈಗ ಕೆಲವು ಮನೆಗಳಲ್ಲಿ ಬಕೀಟು ಇವೆ. ತೌಡು ಕಲಸುವ ದಿನ ಅತ್ತೆಯವರು ಪಡಸಾಲೆಯಲ್ಲಿ ಕೂತು ಒಬ್ಬೊಬ್ಬರ ಮುಷ್ಟಿ ಹಿಡಿದು ನೋಡುತ್ತಾರೆ. "ಇನ್ನ ಥೋಡೆ ನೀರ ಹಾಕ್ರಿ" ಎನ್ನುತ್ತಾರೆ, "ಸಾಕ್ರಿ, ಈಗ ಕಟ್ರಿ" ಎನ್ನುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ಮೊದಲ ಬಕೀಟಿಗೆ ಸಾಕಾಗುವಷ್ಟು ತೌಡು ನಮ್ಮ ಮನೆಯದೇ. ಆಮೇಲೆ ಅವರೇ ಅಕ್ಕಿ ತೊಳೆದ ನೀರು ಇಡಲಿ. ಚುನ್ನಿ ಬೇಕಾದವರಿಗೆ ಒಂದು ಮಾತು: ತೊಗರಿ ರಾಶಿ ಮುಗಿದು ಮಿಲ್ಲುಗಳು ಭರದಿಂದ ನಡೆಯುವ ಫೆಬ್ರವರಿ, ಮಾರ್ಚಿನಲ್ಲಿ ತಂದಿಡಿ, ತಾಜಾ ಸಿಗುತ್ತದೆ. ಹಳೆ ಚೀಲದ್ದರಲ್ಲಿ ನುಸಿ ಇರುತ್ತದೆ, ಮುಗ್ಗಲು ವಾಸನೆ ಇದ್ದರೆ ತರಲೇಬೇಡಿ.